ಮತ ಎಣಿಕೆ ಮುಗಿದ ಮೇಲೆ: ನೆರೆಯ ದ್ವೀಪದ ಭರವಸೆ ಮತ್ತು ಐಕ್ಯದ ಕಥೆ

ರಾಷ್ಟ್ರವೊಂದು ತನ್ನ ಅಧ್ಯಕ್ಷರನ್ನು ಆರಿಸುವ ದಿನ ಜನತೆಯ ಮನಸ್ಸಿನಲ್ಲಿ ಎರಡು ಆಸೆಗಳು ಒಟ್ಟಿಗೆ ಮೂಡುತ್ತವೆ. ನಾಳಿನ ದಿನ ಇಂದಿಗಿಂತ ಮೇಲಾಗಬೇಕೆಂಬುದು ಮೊದಲನೆಯದು. ಚುನಾವಣೆಯ ಕಾಲದಲ್ಲಿ ಬೇರೆ ಬೇರೆ ಬಣಗಳಾಗಿ ನಿಂತವರು ಮತ್ತೆ ಒಂದೇ ನಾಡಿನ ಮಕ್ಕಳಾಗಿ ಬಾಳಬೇಕೆಂಬುದು ಎರಡನೆಯದು. ಮೊದಲನೆಯ ಆಸೆಗೆ ಅಭ್ಯರ್ಥಿಗಳು ಭಾಷಣಗಳಲ್ಲಿ ಉತ್ತರ ನೀಡುತ್ತಾರೆ. ಎರಡನೆಯದಕ್ಕೆ ಉತ್ತರ ಸಿಗುವುದು ಮತ ಎಣಿಕೆ ಮುಗಿದು, ತೋರಣಗಳು ಬಾಡಿ, ಗೆದ್ದವರು ಸೋತವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ಬೆಳಕಿಗೆ ಬಂದ ನಂತರವೇ. ಈ ಎರಡನೆಯ ಆಸೆಯ ಏಳುಬೀಳುಗಳನ್ನು ಅರಿಯಲು ನಮಗೆ ಬಹು ದೂರ ಹೋಗಬೇಕಾಗಿಲ್ಲ. ಪಾಕ್ ಜಲಸಂಧಿಯ ಆಚೆ ದಡದಲ್ಲಿರುವ ಶ್ರೀಲಂಕೆಯ ಇತ್ತೀಚಿನ ಇತಿಹಾಸವೇ ನಮ್ಮ ಮುಂದಿದೆ.

ಆ ದೇಶದ ಅಧ್ಯಕ್ಷ ಪದವಿ ನಮ್ಮ ರಾಷ್ಟ್ರಪತಿ ಪದವಿಯಂತಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ನಮ್ಮ ರಾಷ್ಟ್ರಪತಿಯನ್ನು ಸಂಸದರೂ ಶಾಸಕರೂ ಆರಿಸುತ್ತಾರೆ. ಆಡಳಿತದ ಹೊಣೆ ಪ್ರಧಾನಿ ಮತ್ತು ಮಂತ್ರಿಮಂಡಲದ್ದು. ಶ್ರೀಲಂಕೆಯಲ್ಲಿ 1978ರ ಸಂವಿಧಾನದ ಬಳಿಕ ಅಧ್ಯಕ್ಷರೇ ಆಡಳಿತದ ಶಿರಸ್ಸು. ಅವರನ್ನು ಪ್ರಜೆಗಳು ನೇರವಾಗಿ ಚುನಾಯಿಸುತ್ತಾರೆ. ಸೇನೆ, ಮಂತ್ರಿಗಳು, ಉನ್ನತ ನೇಮಕಾತಿಗಳು ಎಲ್ಲವೂ ಆ ಒಬ್ಬ ವ್ಯಕ್ತಿಯ ಸುತ್ತ ತಿರುಗುತ್ತವೆ. ಆದುದರಿಂದಲೇ ಅಲ್ಲಿನ ಅಧ್ಯಕ್ಷೀಯ ಚುನಾವಣೆಯಲ್ಲಿ ಜನರ ಭರವಸೆಯೂ ಭಯವೂ ಇಮ್ಮಡಿಯಾಗಿರುತ್ತವೆ.

2015ರ ಜನವರಿ

1983ರಲ್ಲಿ ಹೊತ್ತಿಕೊಂಡ ಅಂತರ್ಯುದ್ಧ 2009ರ ಮೇ ತಿಂಗಳಲ್ಲಿ ಕೊನೆಗೊಂಡಿತು. ಬಂದೂಕುಗಳು ಮೌನವಾದರೂ ಮನಸ್ಸುಗಳ ನಡುವಿನ ಅಂತರ ಕಡಿಮೆಯಾಗಲಿಲ್ಲ. ಉತ್ತರದ ತಮಿಳು ಪ್ರದೇಶಗಳಲ್ಲಿ ಸೇನೆಯ ವಶದಲ್ಲಿದ್ದ ಹೊಲಮನೆಗಳು ಮಾಲೀಕರಿಗೆ ಮರಳಿರಲಿಲ್ಲ. ಕಾಣೆಯಾದವರ ಸುದ್ದಿ ಮನೆಯವರಿಗೆ ದೊರೆತಿರಲಿಲ್ಲ. 2014ರ ಜೂನ್ ತಿಂಗಳಲ್ಲಿ ಅಲುತ್ಗಾಮದಲ್ಲಿ ಮುಸ್ಲಿಮರ ವಿರುದ್ಧ ಹಿಂಸಾಚಾರ ನಡೆದು, ಯುದ್ಧದ ನಂತರವೂ ಹೊಸ ಬಿರುಕುಗಳು ಮೂಡಬಲ್ಲವೆಂಬುದನ್ನು ತೋರಿಸಿತು. ಯುದ್ಧವನ್ನು ಗೆದ್ದ ಕೀರ್ತಿಯಿದ್ದ ಅಧ್ಯಕ್ಷ ಮಹಿಂದ ರಾಜಪಕ್ಸ, ಅವಧಿಗೆ ಎರಡು ವರ್ಷ ಮೊದಲೇ ಚುನಾವಣೆ ಕರೆದು ಮೂರನೆಯ ಬಾರಿಗೆ ಜನರ ಮುಂದೆ ನಿಂತರು. ಅವರದೇ ಸಂಪುಟದಲ್ಲಿ ಆರೋಗ್ಯ ಸಚಿವರಾಗಿದ್ದ ಮೈತ್ರಿಪಾಲ ಸಿರಿಸೇನ ಹೊರಬಂದು, ವಿರೋಧ ಪಕ್ಷಗಳ ಸಮಾನ ಅಭ್ಯರ್ಥಿಯಾಗಿ ಎದುರು ನಿಂತರು.

2015ರ ಜನವರಿ 8ರಂದು ಶೇಕಡಾ 81ಕ್ಕೂ ಹೆಚ್ಚು ಮತದಾರರು ಮತ ಚಲಾಯಿಸಿದರು. ಸಿರಿಸೇನರಿಗೆ ಶೇಕಡಾ 51.28, ರಾಜಪಕ್ಸರಿಗೆ ಶೇಕಡಾ 47.58 ಮತಗಳು ದೊರೆತವು. ಅಂತರ ನಾಲ್ಕೂವರೆ ಲಕ್ಷದಷ್ಟು ಮಾತ್ರ. ಆದರೆ ಆ ಮತಗಳು ಬಂದ ಬಗೆ ಗಮನಾರ್ಹ. ಸಿಂಹಳ ಬಹುಸಂಖ್ಯಾತರ ದೊಡ್ಡದೊಂದು ಭಾಗವೂ, ಜಾಫ್ನಾ, ಮಟ್ಟಕ್ಕಳಪ್ಪುಗಳ ತಮಿಳರೂ, ಪೂರ್ವ ತೀರದ ಮುಸ್ಲಿಮರೂ ಒಬ್ಬನೇ ಅಭ್ಯರ್ಥಿಯ ಹೆಸರಿನ ಮುಂದೆ ಗುರುತು ಹಾಕಿದ್ದರು. ಮರುದಿನ ಸಂಜೆ ಕೊಲಂಬೊದ ಸ್ವಾತಂತ್ರ್ಯ ಚೌಕದಲ್ಲಿ ಹೊಸ ಅಧ್ಯಕ್ಷರಿಗೆ ಪ್ರಮಾಣ ವಚನ ಬೋಧಿಸಿದವರು ಸರ್ವೋಚ್ಚ ನ್ಯಾಯಾಲಯದ ತಮಿಳು ನ್ಯಾಯಮೂರ್ತಿ ಕೆ. ಶ್ರೀಪವನ್. ಸೋತ ಅಧ್ಯಕ್ಷರು ಅಧಿಕೃತ ನಿವಾಸವನ್ನು ತೆರವು ಮಾಡಿ ಹೊರಟಿದ್ದರು. ರಕ್ತಪಾತವಿಲ್ಲದೆ ಅಧಿಕಾರ ಕೈ ಬದಲಾದುದನ್ನು ಕಂಡು ದ್ವೀಪದ ಜನತೆ ನಿಟ್ಟುಸಿರುಬಿಟ್ಟಿತು.

ಕೆನರಾದ ಸಂತ, ಕ್ಯಾಂಡಿಯ ಸಂತ

ಈ ಫಲಿತಾಂಶ ಬಂದು ಐದು ದಿನಗಳಾಗುವಷ್ಟರಲ್ಲಿ, ಅಂದರೆ ಜನವರಿ 13ರಂದು, ಪೋಪ್ ಫ್ರಾನ್ಸಿಸರು ಕೊಲಂಬೊಗೆ ಬಂದಿಳಿದರು. ಅವರ ಭೇಟಿ ಚುನಾವಣೆಗೆ ಮೊದಲೇ ನಿಶ್ಚಯವಾಗಿತ್ತು. ಮರುದಿನ, ಜನವರಿ 14ರಂದು, ಸಮುದ್ರದಂಚಿನ ಗಾಲ್ ಫೇಸ್ ಮೈದಾನದಲ್ಲಿ ಲಕ್ಷಾಂತರ ಜನರ ಸಮ್ಮುಖದಲ್ಲಿ ಅವರು ಜೋಸೆಫ್ ವಾಜರನ್ನು ಸಂತ ಪದವಿಗೇರಿಸಿದರು. ಈ ಸಂತರು ನಮಗೆ ಪರಕೀಯರಲ್ಲ. 1651ರ ಏಪ್ರಿಲ್ 21ರಂದು ಗೋವಾದ ಬಾಣಾವಳಿಯಲ್ಲಿ ಜನಿಸಿದ ಅವರು ಶ್ರೀಲಂಕೆಗೆ ತೆರಳುವ ಮುನ್ನ, 1681ರಿಂದ ಮೂರು ವರ್ಷ ನಮ್ಮ ಕೆನರಾ ಕರಾವಳಿಯಲ್ಲಿ ಸೇವೆ ಸಲ್ಲಿಸಿದರು. ಮಂಗಳೂರು, ಬಸರೂರು, ಗಂಗೊಳ್ಳಿಗಳ ಹಿರಿಯ ಧರ್ಮಕೇಂದ್ರಗಳು ಅವರ ನೆನಪನ್ನು ಉಳಿಸಿಕೊಂಡಿವೆ. ಮುಡಿಪಿನ ಗುಡ್ಡಕ್ಕೆ ಇಂದಿಗೂ ನಮ್ಮ ಕುಟುಂಬಗಳು ಹರಕೆ ಹೊತ್ತು ಹೋಗುತ್ತವೆ. ಆ ಕಾಲದಲ್ಲಿ ಕೆನರಾದ ಧರ್ಮಸಭೆಯೂ ಅಧಿಕಾರದ ವ್ಯಾಜ್ಯದಿಂದ ಎರಡಾಗಿತ್ತು. ಪೋರ್ಚುಗಲ್ ದೊರೆಯ ಹಕ್ಕನ್ನು ಒಪ್ಪುವವರು ಒಂದು ಕಡೆ, ರೋಮ್ ನೇರವಾಗಿ ನೇಮಿಸಿದ ಧರ್ಮಾಧ್ಯಕ್ಷರನ್ನು ಒಪ್ಪುವವರು ಇನ್ನೊಂದು ಕಡೆ. ಒಡೆದ ಮನೆಯಲ್ಲಿ ಸೇವೆ ಮಾಡುವ ಕಷ್ಟವನ್ನು ವಾಜ್ ಗುರುಗಳು ಮೊದಲು ಅರಿತದ್ದು ಇಲ್ಲಿಯೇ.

1687ರಲ್ಲಿ ಅವರು ಕೂಲಿಯಾಳಿನ ವೇಷದಲ್ಲಿ ಸಿಲೋನ್ ದ್ವೀಪವನ್ನು ಸೇರಿದರು. ಕರಾವಳಿಯನ್ನಾಳುತ್ತಿದ್ದ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಮೊದಲು ಜಾಫ್ನಾದ ತಮಿಳರ ನಡುವೆ, ಬಳಿಕ ಕ್ಯಾಂಡಿಯ ಸಿಂಹಳರ ನಡುವೆ ದುಡಿದ ಅವರು ಎರಡೂ ಭಾಷೆಗಳನ್ನು ಕಲಿತರು. 1692ರಲ್ಲಿ ಗೂಢಚಾರನೆಂಬ ಸಂಶಯದಿಂದ ಸೆರೆಮನೆಗೆ ದೂಡಿದವನು ಕ್ಯಾಂಡಿಯ ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯ. ಮುಂದೆ ಅವರಿಗೆ ಆಶ್ರಯವನ್ನೂ ಸ್ವಾತಂತ್ರ್ಯವನ್ನೂ ಕೊಟ್ಟವನು ಅದೇ ಅರಸ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿದಾಗ ವಾಜ್ ಗುರುಗಳು ಊರು ಬಿಡದೆ ರೋಗಿಗಳ ಆರೈಕೆಗೆ ನಿಂತರು. ರೋಗಿಯ ಜಾತಿ, ಮತ, ಭಾಷೆಗಳನ್ನು ಅವರು ಕೇಳಲಿಲ್ಲ. 1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲಿಯೇ ನಿಧನರಾದರು. ಚುನಾವಣೆಯ ಫಲಿತಾಂಶದ ಬೆನ್ನಿಗೇ ಇಂತಹ ಒಬ್ಬರನ್ನು ದ್ವೀಪದ ಮೊದಲ ಸಂತರೆಂದು ಸಾರಲು ದೊರೆತ ಅವಕಾಶ ಒಂದು ದೈವಕೃಪೆಯೆಂದು ಅಲ್ಲಿನ ವಿಶ್ವಾಸಿಗಳು ಭಾವಿಸಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ?

ಅಂದೇ ಮಧ್ಯಾಹ್ನ ಪೋಪ್ ಜಗದ್ಗುರುಗಳು ಉತ್ತರದ ಮಡು ಪುಣ್ಯಕ್ಷೇತ್ರವನ್ನು ಸಂದರ್ಶಿಸಿದರು. ಡಚ್ಚರ ಹಿಂಸೆಗೆ ಹೆದರಿ ಓಡಿದ ಕಥೋಲಿಕರು ಕಾಡಿನೊಳಗೆ ಕೊಂಡೊಯ್ದು ಕಾಪಾಡಿದ ಮೇರಿ ಮಾತೆಯ ಪ್ರತಿಮೆ ಅಲ್ಲಿದೆ. ಸಿಂಹಳರೂ ತಮಿಳರೂ ಒಟ್ಟಿಗೆ ಯಾತ್ರೆ ಹೋಗುವ ಕ್ಷೇತ್ರವದು. 1999ರಲ್ಲಿ ಅಲ್ಲಿ ಆಶ್ರಯ ಪಡೆದಿದ್ದ ನಿರಾಶ್ರಿತರ ಮೇಲೆ ಶೆಲ್ಲುಗಳು ಬಿದ್ದವು. 2008ರಲ್ಲಿ ಯುದ್ಧ ಹತ್ತಿರ ಬಂದಾಗ ಗುರುಗಳು ಪ್ರತಿಮೆಯನ್ನೇ ಬೇರೆಡೆಗೆ ಸಾಗಿಸಬೇಕಾಯಿತು. ಶ್ರೀಲಂಕೆಯ ಜನಸಂಖ್ಯೆಯಲ್ಲಿ ಕಥೋಲಿಕರು ಸುಮಾರು ಶೇಕಡಾ 6ರಷ್ಟು ಮಾತ್ರ. ಆದರೂ ಎರಡೂ ಭಾಷೆಗಳಲ್ಲಿ ಪ್ರಾರ್ಥಿಸುವ ಸಮುದಾಯವಾದುದರಿಂದ ದೇಶದ ಬಿರುಕು ಅವರ ಮನೆಯೊಳಗಿನ ಬಿರುಕೂ ಹೌದು. ಸತ್ಯವನ್ನು ಅರಸದೆ ಗಾಯ ಮಾಯದು, ಆ ಅರಸುವಿಕೆ ಹಳೆಯ ಗಾಯಗಳನ್ನು ಕೆದಕುವುದಕ್ಕಾಗಿ ಇರಬಾರದು ಎಂಬುದೇ ಆ ಭೇಟಿಯಲ್ಲಿ ಫ್ರಾನ್ಸಿಸರು ಕೊಟ್ಟ ಸಂದೇಶದ ಸಾರ.

ಕೈಗೂಡಿದ್ದು, ಕೈಬಿಟ್ಟದ್ದು

ಹೊಸ ಆಡಳಿತದ ಆರಂಭ ಶುಭಕರವಾಗಿತ್ತೆನ್ನಬೇಕು. 2015ರ ಏಪ್ರಿಲ್ 28ರಂದು 225 ಸದಸ್ಯರ ಸಂಸತ್ತಿನಲ್ಲಿ 215 ಮಂದಿಯ ಬೆಂಬಲದೊಡನೆ ಸಂವಿಧಾನದ 19ನೆಯ ತಿದ್ದುಪಡಿ ಅಂಗೀಕಾರವಾಯಿತು. ಅಧ್ಯಕ್ಷರ ಅವಧಿ ಆರು ವರ್ಷದಿಂದ ಐದಕ್ಕಿಳಿಯಿತು. ಎರಡು ಅವಧಿಗಿಂತ ಹೆಚ್ಚು ಯಾರೂ ಆ ಪದವಿಯಲ್ಲಿರುವಂತಿಲ್ಲವೆಂಬ ನಿಯಮ ಮರಳಿ ಬಂತು. ಸಂಸತ್ತು ಚುನಾಯಿತವಾಗಿ ನಾಲ್ಕೂವರೆ ವರ್ಷ ತುಂಬುವ ಮೊದಲು ಅದನ್ನು ಅಧ್ಯಕ್ಷರು ತಾವಾಗಿಯೇ ವಿಸರ್ಜಿಸಲು ಅವಕಾಶವಿಲ್ಲದಾಯಿತು. ಗೆದ್ದ ಅಧ್ಯಕ್ಷರೇ ತಮ್ಮ ಅಧಿಕಾರಕ್ಕೆ ಕಡಿವಾಣ ಹಾಕಿಕೊಳ್ಳುವುದು ಲೋಕದಲ್ಲಿ ಅಪರೂಪದ ಸಂಗತಿ.

2016ರ ಫೆಬ್ರುವರಿ 4ರ ಸ್ವಾತಂತ್ರ್ಯೋತ್ಸವದಲ್ಲಿ ರಾಷ್ಟ್ರಗೀತೆಯನ್ನು ಸಿಂಹಳದೊಂದಿಗೆ ತಮಿಳಿನಲ್ಲಿಯೂ ಹಾಡಲಾಯಿತು. 1949ರ ನಂತರ ಅಧಿಕೃತ ಸಮಾರಂಭದಲ್ಲಿ ಹಾಗಾದುದು ಅದೇ ಮೊದಲು. ಹಾಡೊಂದರಿಂದ ಹಸಿವು ನೀಗುವುದಿಲ್ಲವೆಂದು ಯಾರಾದರೂ ಹೇಳಬಹುದು. ಆದರೆ 1956ರಲ್ಲಿ ಸಿಂಹಳವೊಂದನ್ನೇ ರಾಜಭಾಷೆಯನ್ನಾಗಿಸಿದ ಕಾನೂನಿನಿಂದಲೇ ಮನಸ್ಸುಗಳು ಒಡೆಯತೊಡಗಿದ ದೇಶದಲ್ಲಿ, ತನ್ನ ತಾಯ್ನುಡಿಯಲ್ಲಿ ತನ್ನ ದೇಶವನ್ನು ಹಾಡಿ ಹೊಗಳುವ ಹಕ್ಕು ಸಣ್ಣ ವಿಷಯವಲ್ಲ. ಮಾತೃಭಾಷೆಯಲ್ಲಿ ಬಲಿಪೂಜೆಯನ್ನು ಅರ್ಪಿಸುವ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಕಷ್ಟದ ಕೆಲಸಗಳು ಮುಂದಕ್ಕೆ ಹೋಗುತ್ತಲೇ ಇದ್ದವು. ಕಾಣೆಯಾದವರ ಬಗ್ಗೆ ವಿಚಾರಿಸಲು ಕಚೇರಿಯೊಂದನ್ನು ಸ್ಥಾಪಿಸುವ ಕಾನೂನು 2016ರಲ್ಲಿ ಬಂತು. ಆ ಕಚೇರಿ ಕೆಲಸ ಆರಂಭಿಸಿದ್ದು 2018ರಲ್ಲಿ. ಅಷ್ಟರಲ್ಲಿ 2017ರ ಫೆಬ್ರುವರಿಯಿಂದ ಕಿಳಿನೊಚ್ಚಿಯ ಕಂದಸ್ವಾಮಿ ದೇಗುಲದ ಬಳಿ ತಾಯಂದಿರು ಮಕ್ಕಳ ಭಾವಚಿತ್ರಗಳನ್ನು ಹಿಡಿದು ಧರಣಿ ಕುಳಿತಿದ್ದರು. ಇವರೂ 2015ರಲ್ಲಿ ಭರವಸೆಯಿಂದ ಮತಗಟ್ಟೆಗೆ ಹೋದ ಜಿಲ್ಲೆಗಳ ಜನರೇ ಎಂಬುದನ್ನು ಮರೆಯಬಾರದು.

ಇತ್ತ ಕೊಲಂಬೊದಲ್ಲಿ ಅಧ್ಯಕ್ಷ ಸಿರಿಸೇನರಿಗೂ ಪ್ರಧಾನಿ ರನಿಲ್ ವಿಕ್ರಮಸಿಂಘೆಯವರಿಗೂ ವೈಮನಸ್ಯ ಬೆಳೆಯಿತು. 2018ರ ಅಕ್ಟೋಬರ್ 26ರಂದು ಅಧ್ಯಕ್ಷರು ಪ್ರಧಾನಿಯನ್ನು ಪದಚ್ಯುತಗೊಳಿಸಿ, ತಾವೇ ಸೋಲಿಸಿದ್ದ ಮಹಿಂದ ರಾಜಪಕ್ಸರನ್ನು ಆ ಸ್ಥಾನಕ್ಕೆ ನೇಮಿಸಿದರು. ನವೆಂಬರ್ 9ರಂದು ಸಂಸತ್ತನ್ನೇ ವಿಸರ್ಜಿಸಿದರು. ಡಿಸೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳು ಒಮ್ಮತದಿಂದ ಆ ವಿಸರ್ಜನೆ ಸಂವಿಧಾನಬಾಹಿರವೆಂದು ತೀರ್ಪಿತ್ತರು. ಯಾವ ಆಧಾರದ ಮೇಲೆ? ಸಿರಿಸೇನರ ಆಡಳಿತವೇ ತಂದಿದ್ದ 19ನೆಯ ತಿದ್ದುಪಡಿಯ ಆಧಾರದ ಮೇಲೆ. ಇಡೀ ಕಥೆಯಲ್ಲಿ ನಮಗೆ ಅತಿ ಮುಖ್ಯವಾಗಿ ಕಾಣುವುದು ಈ ಘಟನೆ. ಜನತೆ ಒಬ್ಬ ವ್ಯಕ್ತಿಯಲ್ಲಿಟ್ಟ ಭರವಸೆ ಹುಸಿಯಾಯಿತು. ಅದೇ ಭರವಸೆಯಿಂದ ಹುಟ್ಟಿ ಕಾನೂನಾಗಿ ಬರೆಯಲ್ಪಟ್ಟದ್ದು ಮಾತ್ರ ಆ ವ್ಯಕ್ತಿಯನ್ನೇ ತಡೆದು ನಿಲ್ಲಿಸಿತು.

ಒಡಕಿನ ಬೆಲೆ

ನಾಯಕರ ಜಗಳ ನಾಯಕರಿಗೆ ಸಂಬಂಧಿಸಿದ್ದು, ನಮಗೇನು ಎಂದು ಕೇಳುವವರುಂಟು. ಆ ಪ್ರಶ್ನೆಗೆ 2019ರ ಏಪ್ರಿಲ್ 21 ಉತ್ತರ ಹೇಳಿತು. ಅಂದು ಪ್ರಭು ಯೇಸುವಿನ ಪುನರುತ್ಥಾನದ ಮಹೋತ್ಸವ. ಸಂತ ಜೋಸೆಫ್ ವಾಜರ ಜನ್ಮದಿನವೂ ಅದೇ. ಬೆಳಗಿನ ಪೂಜೆಯ ಹೊತ್ತಿಗೆ ಕೊಲಂಬೊದ ಕೊಚ್ಚಿಕಡೆಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರ, ನೆಗೊಂಬೊ ಸಮೀಪದ ಕಟುವಪಿಟಿಯದ ಸಂತ ಸೆಬಾಸ್ಟಿಯನ್ನರ ದೇವಾಲಯ, ಮಟ್ಟಕ್ಕಳಪ್ಪುವಿನ ಸಿಯೋನ್ ಚರ್ಚು ಹಾಗೂ ಕೊಲಂಬೊದ ಮೂರು ಹೋಟೆಲುಗಳಲ್ಲಿ ಬಾಂಬುಗಳು ಸ್ಫೋಟಿಸಿದವು. ಮಡಿದವರ ಸಂಖ್ಯೆ 260ನ್ನು ಮೀರಿತು. ಸಿಯೋನ್ ಚರ್ಚಿನಲ್ಲಿ ಸತ್ತವರಲ್ಲಿ ಅನೇಕರು ಪುಟ್ಟ ಮಕ್ಕಳು.

ಈ ದಾಳಿಯ ಮುನ್ಸೂಚನೆ ವಾರಗಳ ಮೊದಲೇ ಭದ್ರತಾ ಅಧಿಕಾರಿಗಳಿಗೆ ತಲುಪಿತ್ತು. ಹಿಂದಿನ ವರ್ಷದ ಜಗಳದ ಬಳಿಕ ಪ್ರಧಾನಿಯನ್ನು ರಾಷ್ಟ್ರೀಯ ಭದ್ರತಾ ಮಂಡಳಿಯ ಸಭೆಗಳಿಗೆ ಕರೆಯುತ್ತಿರಲಿಲ್ಲವೆಂಬುದು ಮುಂದೆ ಸಂಸತ್ತಿನ ಸಮಿತಿಯ ವಿಚಾರಣೆಯಲ್ಲಿ ಬೆಳಕಿಗೆ ಬಂತು. 2023ರ ಜನವರಿ 12ರಂದು ಸರ್ವೋಚ್ಚ ನ್ಯಾಯಾಲಯವು ಸಿರಿಸೇನರೂ ಹಿರಿಯ ಅಧಿಕಾರಿಗಳೂ ಕರ್ತವ್ಯಲೋಪ ಎಸಗಿದರೆಂದು ನಿರ್ಣಯಿಸಿ, ಸಂತ್ರಸ್ತರಿಗಾಗಿ 10 ಕೋಟಿ ಶ್ರೀಲಂಕಾ ರೂಪಾಯಿಗಳನ್ನು ಪಾವತಿಸುವಂತೆ ಸಿರಿಸೇನರಿಗೆ ಆದೇಶಿಸಿತು. ಗಾಲ್ ಫೇಸ್ ಮೈದಾನದಲ್ಲಿ ಸಂತ ಪದವಿಯ ಸಂಭ್ರಮವನ್ನು ಕಂಡ ಭಕ್ತರಿಗೆ ಭರವಸೆಯ ಆ ಅಧ್ಯಾಯ ಹೀಗೆ ಶವಪೆಟ್ಟಿಗೆಗಳ ಸಾಲಿನಲ್ಲಿ ಕೊನೆಗೊಂಡಿತು.

ಆ ದುಃಖದ ನಡುವೆ ಕಾರ್ಡಿನಲ್ ಮಾಲ್ಕಂ ರಂಜಿತರು ಕಾನೂನನ್ನು ಕೈಗೆತ್ತಿಕೊಳ್ಳಬೇಡಿರೆಂದು ಜನರನ್ನು ಬೇಡಿಕೊಂಡರು. ಮೇ ತಿಂಗಳಲ್ಲಿ ವಾಯವ್ಯ ಪ್ರಾಂತದಲ್ಲಿ ಮುಸ್ಲಿಮರ ಅಂಗಡಿಗಳ, ಮಸೀದಿಗಳ ಮೇಲೆ ದಾಳಿಗಳಾದವು. ನೆಗೊಂಬೊದಲ್ಲಿಯೂ ಘರ್ಷಣೆ ತಲೆದೋರಿತು. ಆದರೂ ಮಕ್ಕಳನ್ನು ಕಳೆದುಕೊಂಡ ಕುಟುಂಬಗಳ ಬೇಡಿಕೆ ಒಂದೇ ಆಗಿ ಉಳಿಯಿತು: ಸತ್ಯ ಹೊರಬರಲಿ, ತಪ್ಪಿತಸ್ಥರು ನ್ಯಾಯಾಲಯದ ಮುಂದೆ ನಿಲ್ಲಲಿ. ಕಿಳಿನೊಚ್ಚಿಯ ತಾಯಂದಿರ ಬೇಡಿಕೆಯೂ ಇದೇ ಅಲ್ಲವೇ? ಉತ್ತರದ ತಮಿಳು ತಾಯಿಯನ್ನೂ ನೆಗೊಂಬೊದ ಸಿಂಹಳ ತಾಯಿಯನ್ನೂ ಒಂದೇ ಪ್ರಶ್ನೆ ಒಂದುಗೂಡಿಸಿತು.

ಒಡೆದ ಭೂಪಟ, ಕೂಡಿದ ಮೈದಾನ

2019ರ ನವೆಂಬರಿನ ಅಧ್ಯಕ್ಷೀಯ ಚುನಾವಣೆ ಭಯದ ನೆರಳಿನಲ್ಲಿ ನಡೆಯಿತು. ಗೋಟಬಯ ರಾಜಪಕ್ಸ ಶೇಕಡಾ 52.25 ಮತ ಪಡೆದು ಗೆದ್ದರು. ಆದರೆ ಫಲಿತಾಂಶದ ಭೂಪಟ ಎರಡು ಬಣ್ಣಗಳಾಗಿ ಸೀಳಿತ್ತು. ದಕ್ಷಿಣವೂ ಮಧ್ಯಭಾಗವೂ ಬಹುಪಾಲು ಒಬ್ಬರಿಗೆ, ಉತ್ತರವೂ ಪೂರ್ವವೂ ಬಹುಪಾಲು ಇನ್ನೊಬ್ಬರಿಗೆ. ಅನುರಾಧಪುರದಲ್ಲಿ ಪ್ರಮಾಣ ಸ್ವೀಕರಿಸಿದ ಹೊಸ ಅಧ್ಯಕ್ಷರು ತಮ್ಮ ಜಯ ಸಿಂಹಳರ ಮತಗಳಿಂದಾದುದೆಂದೇ ನುಡಿದರು. 2020ರ ಸ್ವಾತಂತ್ರ್ಯೋತ್ಸವದಲ್ಲಿ ತಮಿಳು ರಾಷ್ಟ್ರಗೀತೆ ಕೇಳಿಸಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ 20ನೆಯ ತಿದ್ದುಪಡಿ ಬಂದು, ಹಿಂದಿನ ಕಡಿವಾಣಗಳಲ್ಲಿ ಹೆಚ್ಚಿನವು ಸಡಿಲವಾದವು.

ಶೇಕಡಾ 52ರ ಬಹುಮತ ಮೂರು ವರ್ಷವೂ ಬಾಳಲಿಲ್ಲ. 2022ರಲ್ಲಿ ವಿದೇಶಿ ವಿನಿಮಯ ಬರಿದಾಗಿ, ಇಂಧನ, ಔಷಧ, ಅಡುಗೆ ಅನಿಲಗಳಿಗಾಗಿ ಜನರು ದಿನಗಟ್ಟಲೆ ಸಾಲು ನಿಂತರು. ಏಪ್ರಿಲ್ 9ರಿಂದ ಗಾಲ್ ಫೇಸ್ ಮೈದಾನದಲ್ಲಿ ಯುವಜನರು ಬೀಡುಬಿಟ್ಟರು. ಸಂತ ವಾಜರ ಹೆಸರು ಮೊಳಗಿದ ಅದೇ ಮೈದಾನದಲ್ಲಿ ಸಿಂಹಳರು, ತಮಿಳರು, ಮುಸ್ಲಿಮರು, ಬೌದ್ಧ ಭಿಕ್ಷುಗಳು, ಕ್ರೈಸ್ತ ಗುರುಗಳು, ಕನ್ಯಾಸ್ತ್ರೀಯರು ಜೊತೆಯಾಗಿ ನಿಂತರು. ಜುಲೈ 9ರಂದು ಜನಸಮೂಹ ಅಧ್ಯಕ್ಷರ ನಿವಾಸವನ್ನು ಹೊಕ್ಕಿತು. ದೇಶ ಬಿಟ್ಟು ಹೋದ ಗೋಟಬಯ 14ರಂದು ರಾಜೀನಾಮೆ ಕಳುಹಿಸಿದರು. ಹಸಿವು ಕೂಡಿಸಿದ ಐಕ್ಯ ಅದು ಎನ್ನಬಹುದು. ಆದರೂ ಮತಗಳ ಲೆಕ್ಕಾಚಾರ ಬೇರ್ಪಡಿಸಿದ್ದ ಜನ ಒಂದೇ ಸಾಲಿನಲ್ಲಿ ನಿಂತಾಗ ಪರಸ್ಪರರ ಮುಖ ನೋಡಿದರು.

2024ರ ಸೆಪ್ಟೆಂಬರ್ 21ರಂದು ಮತ್ತೆ ಚುನಾವಣೆ ನಡೆಯಿತು. ಐದು ವರ್ಷ ಹಿಂದೆ ಶೇಕಡಾ 3ರಷ್ಟು ಮತ ಗಳಿಸಿದ್ದ ಅನುರ ಕುಮಾರ ದಿಸ್ಸನಾಯಕೆ ಶೇಕಡಾ 42.31 ಪಡೆದು ಮುಂದಿದ್ದರು. ಅರ್ಧದಷ್ಟು ಮತ ಯಾರಿಗೂ ಬಾರದ ಕಾರಣ ಆ ದೇಶದ ಇತಿಹಾಸದಲ್ಲಿ ಮೊದಲ ಬಾರಿಗೆ ಎರಡನೆಯ ಆಯ್ಕೆಯ ಮತಗಳನ್ನೂ ಎಣಿಸಿ ಅವರ ಜಯವನ್ನು ಘೋಷಿಸಲಾಯಿತು. ಆಗಲೂ ಉತ್ತರ ಅವರೊಡನೆ ಇರಲಿಲ್ಲ. ಆದರೆ ಎಂಟು ವಾರ ತುಂಬುವ ಮೊದಲೇ, ನವೆಂಬರ್ 14ರ ಸಂಸತ್ ಚುನಾವಣೆಯಲ್ಲಿ, ಅವರ ಮೈತ್ರಿಕೂಟ 225ರಲ್ಲಿ 159 ಸ್ಥಾನಗಳನ್ನು ಗೆದ್ದುದಲ್ಲದೆ ಜಾಫ್ನಾ ಕ್ಷೇತ್ರದ ಆರರಲ್ಲಿ ಮೂರನ್ನೂ ಪಡೆಯಿತು. ದಕ್ಷಿಣದಲ್ಲಿ ನೆಲೆಯುಳ್ಳ ಪಕ್ಷವೊಂದಕ್ಕೆ ಜಾಫ್ನಾ ಒಲಿದುದು ಹೊಸ ಸಂಗತಿ. ಎರಡು ಬಣ್ಣಗಳಲ್ಲಿದ್ದ ಭೂಪಟ ಒಂದಾಗತೊಡಗಿದಂತೆ ಕಂಡಿತು.

ಆ ಹರ್ಷಕ್ಕೂ ಒಂದು ಎಚ್ಚರಿಕೆಯ ಮಾತು ಸೇರಿಸಬೇಕು. 2025ರ ಮೇ ತಿಂಗಳ ಸ್ಥಳೀಯ ಚುನಾವಣೆಗಳಲ್ಲಿ ಉತ್ತರದ ಜನರು ಮತ್ತೆ ತಮಿಳು ಪಕ್ಷಗಳತ್ತ ಒಲಿದರು. ಅದೇ ವರ್ಷ ಜಾಫ್ನಾದ ಚೆಮ್ಮಣಿಯಲ್ಲಿ ಅಗೆತ ನಡೆದಾಗ ಮಕ್ಕಳವೂ ಸೇರಿದಂತೆ ಇನ್ನೂರಕ್ಕೂ ಹೆಚ್ಚು ಅಸ್ಥಿಪಂಜರಗಳು ದೊರೆತವು. ಜನತೆ ಕೊಟ್ಟ ಮತ ದಾನವಲ್ಲ, ಸಾಲ. ಅದನ್ನು ಕೆಲಸದ ರೂಪದಲ್ಲಿ ತೀರಿಸಬೇಕು ಎಂಬುದನ್ನು ಆ ನೆಲವೇ ನೆನಪಿಸಿದಂತಾಯಿತು.

ನಮ್ಮ ಪಾಲಿನ ಕರ್ತವ್ಯ

ಈ ಹತ್ತು ವರ್ಷಗಳ ಕಥೆಯಿಂದ ನಮ್ಮ ಕುಟುಂಬಗಳು ಗ್ರಹಿಸಬೇಕಾದುದೇನು? ಭರವಸೆ ಮತ್ತು ಆಶಾವಾದ ಒಂದೇ ಅಲ್ಲವೆಂದು ಧರ್ಮಸಭೆ ನಮಗೆ ಬೋಧಿಸಿದೆ. ಎಲ್ಲವೂ ತಾನಾಗಿಯೇ ಸರಿಹೋಗುವುದೆಂದು ಕಾಯುವುದು ಆಶಾವಾದ. ಸರಿಪಡಿಸುವ ಕೆಲಸದಲ್ಲಿ ತೊಡಗಿ, ಫಲವನ್ನು ದೇವರಿಗೆ ಒಪ್ಪಿಸುವುದು ಭರವಸೆ. 2015ರಲ್ಲಿ ಅನೇಕರು ಮೊದಲನೆಯದನ್ನು ಎರಡನೆಯದೆಂದು ಭಾವಿಸಿದರು. ನಾಯಕನೊಬ್ಬ ಬಂದರೆ ಸಾಕೆಂದು ನಂಬಿದವರು ನಿರಾಶರಾದರು. ನ್ಯಾಯವಾದ ಕಾನೂನು, ನೆರೆಯವನ ಭಾಷೆಗೆ ಗೌರವ, ಸತ್ಯವನ್ನು ಕೇಳುವ ಧೈರ್ಯ ಇವುಗಳಿಗಾಗಿ ದುಡಿದವರ ಶ್ರಮ ಮಾತ್ರ ಕಷ್ಟಕಾಲದಲ್ಲಿ ಉಪಯೋಗಕ್ಕೆ ಬಂತು.

ನಮ್ಮಲ್ಲಿ ಅಧ್ಯಕ್ಷೀಯ ಚುನಾವಣೆಯಿಲ್ಲ. ಆದರೆ ಪಂಚಾಯತಿಯಿಂದ ಲೋಕಸಭೆಯವರೆಗೆ ಚುನಾವಣೆಗಳಿಗೆ ಕೊರತೆಯಿಲ್ಲ. ಪ್ರತಿ ಬಾರಿಯೂ ಒಂದೇ ವಠಾರದ ಮನೆಗಳ ನಡುವೆ, ಒಂದೇ ಧರ್ಮಕೇಂದ್ರದ ವಾಳೆಗಳ ನಡುವೆ ಮನಸ್ತಾಪ ಉಳಿದುಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಫಲಿತಾಂಶ ಬಂದ ಮರುವಾರ ಸೋತ ಪಕ್ಷಕ್ಕೆ ದುಡಿದ ನೆರೆಯವನ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬರುವುದು ಯಾವ ಸಂವಿಧಾನದಲ್ಲಿಯೂ ಬರೆಯದ ಕರ್ತವ್ಯ. ಮಕ್ಕಳ ಎದುರು ಇನ್ನೊಂದು ಭಾಷೆಯವರನ್ನು, ಇನ್ನೊಂದು ಮತದವರನ್ನು ಹೀಗಳೆಯದಿರುವುದು ಅಂತಹದೇ ಇನ್ನೊಂದು. ಕೆನರಾದ ಒಡೆದ ಧರ್ಮಸಭೆಯಲ್ಲಿ ದುಡಿದು, ಬಳಿಕ ಇಬ್ಬರ ಭಾಷೆಗಳನ್ನು ಕಲಿತು, ಸಿಡುಬಿನ ರೋಗಿಗಳ ಹಾಸಿಗೆಯ ಬಳಿ ಕುಳಿತ ಗುರುವಿನ ಮಧ್ಯಸ್ಥಿಕೆಯನ್ನು ಈ ಕಾರ್ಯದಲ್ಲಿ ನಾವು ಬೇಡಬಹುದು. ಜನವರಿ 16ರಂದು ಅವರ ಹಬ್ಬವನ್ನು ಆಚರಿಸುವಾಗ ಮುಡಿಪಿನಲ್ಲಿ ಹಚ್ಚುವ ಮೇಣದ ಬತ್ತಿಗಳಲ್ಲಿ ಒಂದನ್ನು ಪಾಕ್ ಜಲಸಂಧಿಯ ಆಚೆಗಿನ ಆ ತಾಯಂದಿರಿಗಾಗಿ ಹಚ್ಚೋಣ.